ಸರಹದ್ದಿನ ಕಲ್ಲು ದಾಟಿದ ಹಾಸು

1951ರಲ್ಲಿ ನಾನು ಗಜೇಂದ್ರಗಡದ ಆಚೆ, ಕುಷ್ಟಗಿ ದಾರಿಯ ನಾಕಾದಲ್ಲಿ ಕಾರಕೂನನಾಗಿದ್ದೆ. ನಾಕಾ ಎಂದರೆ ರಸ್ತೆಗೆ ಅಡ್ಡ ಕಟ್ಟಿದ ಬಿದಿರು, ತಗಡಿನ ಕೋಣೆ, ಬಂದೂಕು ಹಿಡಿದ ಒಬ್ಬ ಪೊಲೀಸ. ಈಚೆ ಮುಂಬಯಿ ರಾಜ್ಯ, ಆಚೆ ಹೈದರಾಬಾದ್ ರಾಜ್ಯ. ಪರವಾನಗಿ ಇಲ್ಲದೆ ಕಾಳು, ನೂಲು, ಬಟ್ಟೆ ದಾಟಬಾರದೆಂದು ಹುಕುಂ. ಒಂದು ಚೀಲ ಜೋಳ ಬಿಟ್ಟದ್ದಕ್ಕೆ ನನ್ನ ಹಿಂದಿನವನ ನೌಕರಿ ಹೋಗಿತ್ತು. ನನಗೋ ಹೊಸದಾಗಿ ಮದುವೆಯಾಗಿತ್ತು. ಊಟಕ್ಕೆ ಕುಂತರೂ ಕಿವಿ ತಪಾಸಣೆಗೆ ಬರುವ ಮೇಲಧಿಕಾರಿಯ ಜೀಪಿನ ಸದ್ದಿಗೇ ಇರುತ್ತಿತ್ತು.

ನಾಕಾದ ಪಕ್ಕದಲ್ಲೇ ನೇಕಾರ ಈರಪ್ಪ, ಆತನ ಹೆಂಡತಿ ಮಲ್ಲವ್ವ ಇದ್ದರು. ಇಲ್ಲಿ ನೇಯ್ದ ಸೀರೆಯನ್ನು ಆಚೆಯ ಹಳ್ಳಿಗಳಲ್ಲಿ ಮಾರಿ ಜೋಳ ತರುವುದೇ ಅವರ ಬದುಕು. ರೋಣದ ತಾಲೂಕು ಕಚೇರಿಗೆ ಮೂರು ಸಲ ಅಲೆದು ಒಂದೇ ಒಂದು ಸಂತೆಗೆ ಪರವಾನಗಿ ಪಡೆದಿದ್ದರು. ಅದಕ್ಕಾಗಿ ಒಂದು ಬೆಳಿಗ್ಗೆ ನಾಲ್ಕು ಸೀರೆಯ ಹಾಸು, ಅಂದರೆ ಮಗ್ಗಕ್ಕೇರಿಸುವ ಉದ್ದದ ಎಳೆಗಳನ್ನು, ಬಯಲಲ್ಲಿ ಗೂಟಕ್ಕೆ ಬಿಗಿದು ಗಂಜಿ ಹಚ್ಚುತ್ತಿದ್ದರು. ಅಷ್ಟು ಉದ್ದದ ಸಮ ನೆಲ ಅಲ್ಲಿ ಅದೊಂದೇ. ಹಾಸಿನ ತುದಿ ಸರಹದ್ದಿನ ಕಲ್ಲು ದಾಟಿ ಹತ್ತು ಮೊಳ ಆಚೆ ಹೋಗಿತ್ತು.

ಪೊಲೀಸ ಓಡಿ ಬಂದ. "ಜೀಪ್ ಬರಾಕತ್ತೈತ್ರಿ! ನೂಲು ಗಡಿ ದಾಟೇತಿ. ಇಬ್ಬರ ನೌಕರಿನೂ ಹೋಗ್ತೇತಿ!"

"ತಗೀರಿ, ಲಗೂ ತಗೀರಿ!" ಎಂದು ನಾನು ಕೂಗಿದೆ.

"ಹಸಿ ಐತ್ರಿ ಸಾಹೇಬ್ರ," ಎಂದಳು ಮಲ್ಲವ್ವ, ಕೈಯಲ್ಲಿ ಕುಂಚ ಹಿಡಿದೇ. "ಈಗ ಸುತ್ತಿದ್ರ ಎಳಿ ಎಳಿ ಅಂಟ್ಕೊಂಡು ನಾಕೂ ಸೀರಿ ಹೋಗ್ತಾವ. ಒಂದೀಟು ಒಣಗಲಿ, ಕೈ ಮುಗೀತೀನ್ರಿ."

ಧೂಳು ಹತ್ತಿರವಾಗುತ್ತಿತ್ತು. ನಾನೇ ಹೋಗಿ ಆಚೆಯ ಗೂಟ ಕಿತ್ತೆ. ಹಸಿ ಹಾಸು ಮಣ್ಣಿಗೆ ಬಿತ್ತು.

ಪೊಲೀಸ ಮೊದಲೇ ಬಿದಿರು ಎತ್ತಿ ಹಿಡಿದಿದ್ದ. ಜೀಪು ನಿಲ್ಲದೇ ದಾಟಿ ಹೋಯಿತು. ಒಳಗಿದ್ದ ಅಧಿಕಾರಿ ನಮ್ಮ ಕಡೆ ತಿರುಗಿಯೂ ನೋಡಲಿಲ್ಲ.

ಆಮೇಲೆ ಹುಕುಂ ತೆಗೆದು ಓದಿದೆ. ತಡೆ ಇದ್ದದ್ದು ಸಾಗಿಸುವುದಕ್ಕಷ್ಟೇ. ಗೂಟಕ್ಕೆ ಕಟ್ಟಿದ ನೂಲು ಎಲ್ಲಿಗೆ ಹೋದೀತು? ಸಂತೆಯ ದಿನ ಈರಪ್ಪನ ಕೈ ಬರಿದಾಗಿತ್ತು. ಪರವಾನಗಿಯೂ ಅಂದಿಗೇ ಮುಗಿಯಿತು. ಅವರ ಮನೆಯಲ್ಲಿ ಮಗ್ಗದ ಸದ್ದಿರಲಿಲ್ಲ.

ಕೆಲವು ದಿನಗಳ ಮೇಲೆ ಮಲ್ಲವ್ವ ನಾಕಾಕ್ಕೆ ಬಂದಳು. ಬೈಯುತ್ತಾಳೆಂದು ಕಾದೆ, ಬೈದಿದ್ದರೆ ಮನಸ್ಸು ಹಗುರಾಗುತ್ತಿತ್ತು. ಆಕೆ ದೂರದಲ್ಲೇ ನಿಂತು, ನೆಲ ನೋಡುತ್ತ ಕೇಳಿದಳು: "ಸಾಹೇಬ್ರ, ಇನ್ಮ್ಯಾಲ ಎಲ್ಲಿ ಹಾಸೋಣ್ರಿ? ನೀವು ಹೇಳಿದಲ್ಲೇ ಹಾಸ್ತೀವ್ರಿ."

ಧ್ವನಿ ನಡುಗುತ್ತಿತ್ತು. ಹೆದರಿದ ನೌಕರನ ಕೈಯಲ್ಲಿ ಹುಕುಂ ತನ್ನ ಬರಹಕ್ಕಿಂತ ಕ್ರೂರವಾಗುತ್ತದೆ ಎಂಬುದನ್ನು ನಾನು ಕಲಿತದ್ದು ಆ ಧ್ವನಿಯಿಂದ. ನಾನು ಜೀಪಿಗೆ ಎಷ್ಟು ಹೆದರಿದ್ದೆನೋ, ಆಕೆ ನನಗೆ ಅಷ್ಟೇ ಹೆದರಿದ್ದಳು.