ಮೂರನೇ ಸಿಲಿಂಡರ್ ಮತ್ತು ನನ್ನ ಷಡ್ಡಕ

ಮಹೇಶನ ಕಾರು ಕೀ ತಿರುಗಿಸಿದ ಕೂಡಲೇ ಸ್ಟಾರ್ಟ್ ಆಗುತ್ತದೆ. ಇದು ನನಗೆ ಇಷ್ಟವಿಲ್ಲ.

ಮಹೇಶ ನನ್ನ ಷಡ್ಡಕ. ಹೆಂಡತಿಯ ತಂಗಿಯ ಗಂಡ. (ದೇವರು ಹೋಲಿಕೆಗೆಂದೇ ಸೃಷ್ಟಿಸಿದ ಸಂಬಂಧ.) ನಮ್ಮಿಬ್ಬರ ಕಾರೂ ಒಂದೇ ಮಾಡೆಲ್, ಒಂದೇ ವರ್ಷದ್ದು, ಒಂದೇ ಬೂದು ಬಣ್ಣ. ಅವನದು ದಟ್ಟಗಳ್ಳಿಯಲ್ಲಿ ಬೀದಿಯಲ್ಲೇ ನಿಲ್ಲುತ್ತದೆ. ನನ್ನದಕ್ಕೆ ಸಿದ್ಧಾರ್ಥನಗರದಲ್ಲಿ ಸ್ವಂತ ಶೆಡ್ಡು. ಆದರೂ ಕೈಕೊಟ್ಟದ್ದು ನನ್ನದೇ.

ಬೆನ್ನುನೋವೆಂದು ಡಾಕ್ಟರು ಡ್ರೈವಿಂಗ್ ಬೇಡ ಅಂದಿದ್ದರು. ಮಳೆಗಾಲವಿಡೀ ಕಾರು ಶೆಡ್ಡಿನಲ್ಲೇ ಇತ್ತು. ಬೆನ್ನು ಸರಿಹೋಯಿತು, ಕಾರು ಹೋಗಲಿಲ್ಲ. ಹೊಸ ಬ್ಯಾಟರಿ, ಹೊಸ ಪ್ಲಗ್ ಎಲ್ಲ ಆಯಿತು. ಸ್ಟಾರ್ಟೇನೋ ಆಗುತ್ತಿತ್ತು, ಆದರೆ ಮೈಯೆಲ್ಲ ನಡುಗಿಸುತ್ತ, ಕುಂಟುತ್ತ ಗೇಟು ತಲುಪುವುದರೊಳಗೆ ನಿಂತುಬಿಡುತ್ತಿತ್ತು.

ಇನ್ನೊಂದು ಸಂದರ್ಭದಲ್ಲಾಗಿದ್ದರೆ ಸುಮ್ಮನಿರುತ್ತಿದ್ದೆ. ಆದರೆ ಆ ಭಾನುವಾರ ನನ್ನ ಬಾಮೈದನ ವರಪೂಜೆ. ಹೆಂಡತಿಯ ತವರಿನಲ್ಲೊಂದು ಪದ್ಧತಿಯಿದೆ: ಮದುವೆ ಗಂಡು ದೇವಸ್ಥಾನದಿಂದ ಛತ್ರಕ್ಕೆ ಬರುವುದು ಹಿರಿಯ ಅಳಿಯನ ಗಾಡಿಯಲ್ಲಿ. ಟಾಂಗಾ ಕಾಲದಿಂದಲೂ ಹೀಗೇ. ಹಿರಿಯ ಅಳಿಯ ಯಾರು? ನಾನು!

ಅತ್ತೆ ಫೋನ್ ಮಾಡಿದರು. "ಆಗ್ನಿಲ್ಲ ಅಂದ್ರೆ ಮಹೇಶಪ್ಪಂದೇ ಆಗ್ಲಿ ಬುಡಿ ಅಳಿಯಂದ್ರೇ, ಎರಡೂ ಒಂದೇ ಥರ ಅವೆಯಲ್ಲ."

ಒಂದೇ ಥರವಂತೆ!

ಮೆಕ್ಯಾನಿಕ್ ನಂಜುಂಡನನ್ನು ಮನೆಗೇ ಕರೆಸಿದೆ. ಅದೇ ಹೊತ್ತಿಗೆ ಮಹೇಶನೂ ತನ್ನ ಕಾರಿನಲ್ಲಿ ಬಂದ. (ಸಹಾಯಕ್ಕಂತೆ.) ನಂಜುಂಡ ಪ್ಲಗ್ಗುಗಳನ್ನು ಬಿಚ್ಚಿ, ಒಂದೊಂದು ತೂತಿಗೂ ಗಡಿಯಾರದಂಥ ಮೀಟರ್ ಸಿಕ್ಕಿಸಿ, ನನ್ನಿಂದ ಸ್ಟಾರ್ಟರ್ ಹೊಡೆಸಿದ. ಸಿಲಿಂಡರಿನೊಳಗೆ ಗಾಳಿ ಎಷ್ಟು ಒತ್ತಿಕೊಳ್ಳುತ್ತದೆ ಎಂದು ಮುಳ್ಳು ತೋರಿಸುತ್ತದೆ. ಒಂದು, ಎರಡು, ನಾಲ್ಕು ಚೆನ್ನಾಗಿದ್ದವು. ಮೂರರಲ್ಲಿ ಮುಳ್ಳು ಅರ್ಧಕ್ಕೂ ಏಳಲಿಲ್ಲ.

"ಕಂಪ್ರೆಷನ್ನೇ ಇಲ್ಲ ಸಾರ್. ಮೂರನೇದು ಗಾಳಿ ಇಡೀತಾ ಇಲ್ಲ. ನಿಲ್ಲಿಸ್ದೋರು ಆಗಾಗ ಸ್ಟಾರ್ಟ್ ಮಾಡ್ನಿಲ್ವಾ?"

"ಪ್ರತಿ ಭಾನುವಾರ ಮಾಡಿದ್ದೀನಿ" ಅಂದೆ.

"ಯಾವ ಭಾನುವಾರ?" ಹೆಂಡತಿ ಬಾಗಿಲಲ್ಲೇ ನಿಂತು ಕೇಳಿದಳು. "ಕಾರೊಳಗೆ ಸುಮ್ನೆ ಕೂತ್ಕೊಂಡು ಪೇಪರ್ ಓದ್ತಿದ್ರಿ ಕಣ್ರೀ. ಮನೇಲಿ ಟೀವಿ ಗಲಾಟೆ ಅಂತ."

ಕಣ್ಣಾರೆ ಕಂಡದ್ದನ್ನೂ ಅನುಮಾನಿಸು ಎಂದು ಯೂನಿವರ್ಸಿಟಿಯಲ್ಲಿ ಕಲಿತವನು ನಾನು. ಆದರೆ ಇಂಜಿನ್ನಿನ ಸದ್ದು ನನ್ನ ಕಿವಿಯಲ್ಲಿ ಇನ್ನೂ ಇದೆ. ಭಾನುವಾರ, ಬೆಳಗ್ಗೆ, ನಮ್ಮ ಗೇಟಿನ ಬಳಿ, ಒಂದೇ ಸಲಕ್ಕೆ ಸ್ಟಾರ್ಟ್. ಅಥವಾ ಅದು ತಿಂಡಿಗೆ ಬಂದು ವಾಪಸು ಹೊರಟ ಮಹೇಶನ ಕಾರಿನದೇ? ಅಸೂಯೆ ಬೇರೆಯವರ ಕಾರಿನ ಸದ್ದನ್ನೂ ನಮ್ಮ ನೆನಪಿಗೆ ತಂದು ಸೇರಿಸುತ್ತದೆಯೇ?

ನಂಜುಂಡ ಒಂದು ಚಮಚ ಇಂಜಿನ್ ಆಯಿಲ್ಲನ್ನು ಮೂರನೇ ತೂತಿಗೆ ಸುರಿದ. "ಈಗ ಮುಳ್ಳು ಮೇಲೆದ್ರೆ ಪಿಸ್ಟನ್ ರಿಂಗ್ ಅಂಟ್ಕೊಂಡದೆ ಅಂತ, ಸರಿ ಮಾಡ್ಬೋದು. ಏಳ್ನಿಲ್ವಾ, ವಾಲ್ವೇ ಹೋಗದೆ ಅಂತ. ಇಂಜಿನ್ ಹೆಡ್ಡೇ ಬಿಚ್ಬೇಕು. ಮದ್ವೆ ಮರ್ತ್ಬುಡಿ."

ಸ್ಟಾರ್ಟರ್ ಹೊಡೆದೆ. ಮುಳ್ಳು ಎದ್ದಿತು. ಪರೀಕ್ಷೆ ಪಾಸಾದ ಮಗನನ್ನು ನೋಡುವಂತೆ ಅದನ್ನು ನೋಡಿದೆ.

ಅಲ್ಲಿಗೆ ಬಿಡಬಹುದಿತ್ತು. ಬಿಡಲಿಲ್ಲ. "ಮಹೇಶನ ಕಾರಿಗೂ ಒಂದ್ಸಲ ಮೀಟರ್ ಹಾಕಿ ನೋಡಿ ನಂಜುಂಡ" ಅಂದೆ.

"ನೋಡ್ಲಿ ಬಿಡಿ ಅಣ್ಣ, ಅದಕ್ಕೇನಂತೆ" ಎಂದು ಮಹೇಶ ನಗುತ್ತ ಬಾನೆಟ್ ಎತ್ತಿದ. (ಈ ಮನುಷ್ಯನಿಗೆ ಒಂದು ಸಲವಾದರೂ ಕೋಪ ಬರಬಾರದೇ?)

ಅವನ ನಾಲ್ಕೂ ಸಿಲಿಂಡರುಗಳು ನನ್ನ ಕಾರಿನ ಚೆನ್ನಾಗಿದ್ದ ಮೂರೂ ಸಿಲಿಂಡರುಗಳಿಗಿಂತ ಕಡಿಮೆ ತೋರಿಸಿದವು! ನನ್ನ ಎದೆ ಉಬ್ಬಿತು.

"ಕಡಿಮೆ ಅವೆ, ಆದ್ರೆ ನಾಲ್ಕೂ ಒಂದೇ ಸಮ ಅವೆ" ಅಂದ ನಂಜುಂಡ. "ಅದ್ಕೇ ಓಡ್ತದೆ. ನಿಮ್ದ್ರಲ್ಲಿ ಒಗ್ಗಟ್ಟಿಲ್ಲ ಸಾರ್."

ಹೆಂಡತಿ ಅಡುಗೆಮನೆಗೆ ಹೋಗಿ ನಕ್ಕದ್ದು ಇಲ್ಲಿಗೂ ಕೇಳಿಸಿತು.

ನಂಜುಂಡ ಆಯಿಲ್ಲಿಗೆ ಸೀಮೆಎಣ್ಣೆ ಬೆರೆಸಿ ನನ್ನ ಮೂರನೇ ಸಿಲಿಂಡರಿಗೆ ಹೊಯ್ದು ಎರಡು ದಿನ ನೆನೆಹಾಕಿದ. ಶನಿವಾರ ಸ್ಟಾರ್ಟ್ ಮಾಡಿದಾಗ ಎಷ್ಟು ಹೊಗೆ ಬಂತೆಂದರೆ, ಸೊಳ್ಳೆ ಔಷಧಿಯವರು ಬಂದರೆಂದು ಪಕ್ಕದ ಮನೆಯವರು ಕಿಟಕಿ ಮುಚ್ಚಿಕೊಂಡರು. ಆದರೆ ಹೊಗೆ ಕರಗುತ್ತಿದ್ದಂತೆ ಇಂಜಿನ್ನಿನ ನಡುಕವೂ ನಿಂತಿತು.

ಭಾನುವಾರ ಸಂಜೆ ಗಂಡು ನನ್ನ ಕಾರಿನಲ್ಲೇ ಕೂತ. ಹೂವಿನ ಅಲಂಕಾರ, ಮುಂದೆ ವಾಲಗ, ಸ್ಟೀರಿಂಗ್ ಹಿಂದೆ ನಾನು. ಹಿರಿಯ ಅಳಿಯ. ಮಹೇಶ ತನ್ನ ಕಾರಿನಲ್ಲಿ ಹಿಂದೆ ಬರುತ್ತಿದ್ದ. ನನ್ನದರಲ್ಲಿ ಜಾಗವಿಲ್ಲವೆಂದು ನನ್ನ ಹೆಂಡತಿ, ಅತ್ತೆ, ಮಕ್ಕಳೆಲ್ಲ ಅದರಲ್ಲಿ ತುಂಬಿಕೊಂಡು ಏನೋ ಹೇಳಿಕೊಂಡು ನಗುತ್ತಿದ್ದರು.

ಮೆರವಣಿಗೆಯ ಮುಂದೆ ಹೋಗುತ್ತಿದ್ದವನು ನಾನು. ಹಾಗಾದರೆ ದಾರಿಯುದ್ದಕ್ಕೂ ಕನ್ನಡಿಯಲ್ಲಿ ಆ ಕಾರನ್ನೇ ನೋಡುತ್ತಿದ್ದದ್ದು ಯಾಕೆ?