ಎಡಗೈಯಲ್ಲಿ ಬರೆದ ಚೀಟಿ

ಜೋಗೇಶ್ವರಿಯ ಆ ಮನೆಯಲ್ಲಿ ಬೆಳಗಿನ ಮೊದಲ ಸದ್ದೇ ಶೀಲಾವತಿಯ ಹೆಸರು. ಐದೂವರೆಗೆ ಅತ್ತೆ ಸಮಾಧಾನವ್ವ "ಶೀಲವ್ವಾ, ಬಿಸಿನೀರು" ಎನ್ನುತ್ತಿದ್ದರು. ಬಚ್ಚಲಿನಿಂದ ಗಂಡ ಸುಭಾಷ "ಶೀಲಾ, ಟಾವೆಲ್" ಎನ್ನುತ್ತಿದ್ದ. ಹನ್ನೊಂದು ವರ್ಷದ ಮಗಳು ನಿಶ್ಮಿತಾ ಶೂಸಿನ ಒಂದು ಕಾಲನ್ನು ಎತ್ತಿ ಹಿಡಿದು "ಮಮ್ಮೀ, ದೂಸ್ರಾ ಕಿಧರ್ ಹೈ?" ಎಂದು ಕೂಗುತ್ತಿದ್ದಳು. ಎಲ್ಲರಿಗೂ "ಬಂದೆ" ಎಂಬ ಒಂದೇ ಉತ್ತರ. ಬಾಂದ್ರಾದಲ್ಲಿ ಹಲ್ಲಿನ ಡಾಕ್ಟರರ ಬಳಿ ಅವಳಿಗೆ ಕೆಲಸ, ಅಲ್ಲಿಯೂ ಇದೇ. ನಡುವೆ ಲೋಕಲ್ ರೈಲಿನ ಲೇಡೀಸ್ ಡಬ್ಬಿಯಲ್ಲಿ ಹಿಡಿಕೆಗೆ ಜೋತುಬಿದ್ದಿರುವಷ್ಟು ಹೊತ್ತು ಮಾತ್ರ ಅವಳು ಯಾರಿಗೂ ಬೇಕಾಗಿರಲಿಲ್ಲ.

ಬೆಳಗಾವಿಯ ಸಂಡೇ ಸ್ಕೂಲಿನಲ್ಲಿದ್ದಾಗಲೇ ಅವಳಿಗೊಂದು ಪ್ರಶ್ನೆಯಿತ್ತು. ನಮಗೇನು ಬೇಕೆಂದು ದೇವರಿಗೆ ಮೊದಲೇ ಗೊತ್ತಿದ್ದರೆ ಕೇಳುವುದೇಕೆ? ಕೇಳಿದ್ದಕ್ಕೇ ಕೊಡುತ್ತಾನೆಂದರೆ ಅದು ಮಂತ್ರವಾಯಿತಲ್ಲ? ಟೀಚರು ಅವಳನ್ನು ಹಿಂದಿನ ಬೆಂಚಿಗೆ ಕಳಿಸಿದ್ದರು. ವಯಸ್ಸು ನಲವತ್ತರ ಹತ್ತಿರ ಬಂದರೂ ಪ್ರಶ್ನೆ ಅಲ್ಲೇ ಕೂತಿತ್ತು. ಪಕ್ಕದ ಮನೆಯ ರಾಧಿಕಾ ಶನಿವಾರ ಬಾಗಿಲಿಗೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿದರೆ ಅತ್ತೆ "ಮಾಟದ ಮಂದಿ" ಎಂದು ಮುಖ ಸಿಂಡರಿಸುತ್ತಿದ್ದರು. ಹಾಗಾದರೆ ಭಾನುವಾರದ ನಮ್ಮ ಪ್ರಾರ್ಥನೆ ಚೀಟಿಗಳ ಚೀಲ ಏನು ಎಂದು ಶೀಲಾವತಿ ಕೇಳುತ್ತಿರಲಿಲ್ಲ.

ಕನ್ನಡ ಕ್ರೈಸ್ತರ ಹತ್ತು ಮನೆಯವರು ಭಾನುವಾರ ಸಂಜೆ ಸರದಿಯಂತೆ ಒಬ್ಬೊಬ್ಬರ ಮನೆಯಲ್ಲಿ ಪ್ರಾರ್ಥನೆಗೆ ಕೂಡುತ್ತಿದ್ದರು. ಹೆಸರು ಹಾಕದೆ ಬೇಡಿಕೆಯನ್ನು ಚೀಟಿಯಲ್ಲಿ ಬರೆದು ಬಟ್ಟೆಯ ಚೀಲಕ್ಕೆ ಹಾಕಬೇಕು. ಪ್ರತಿಯೊಬ್ಬರೂ ಒಂದು ಚೀಟಿ ಎತ್ತಿಕೊಂಡು, ಯಾರದೆಂದು ವಿಚಾರಿಸದೆ, ಅದಕ್ಕಾಗಿ ದಿನಾ ಬೆಳಗ್ಗೆ ಬೇಡಿಕೊಳ್ಳಬೇಕು. ಬೇಡಿಕೆ ಈಡೇರಿದವರು ಎದ್ದು ನಿಂತು ಸಾಕ್ಷಿ ಹೇಳುವ ತನಕ ಬಿಡುವಂತಿಲ್ಲ. ಸಮಾಧಾನವ್ವನ ಕೈಗೆ ಬಂದ ಚೀಟಿ ಸುಳ್ಳಾಗುವುದಿಲ್ಲ ಎಂಬ ಮಾತು ಬೊರಿವಲಿಯವರೆಗೂ ಹಬ್ಬಿತ್ತು.

ಜೂನ್ ತಿಂಗಳ ಒಂದು ಭಾನುವಾರ, ಕೂಟ ಸೇರಿದ್ದ ಮನೆಯಲ್ಲೂ ಚಹಾದ ಕಪ್ಪುಗಳನ್ನು ತೊಳೆದು ಬಂದ ಶೀಲಾವತಿ, ಅಕ್ಷರ ಗುರುತಾಗದಂತೆ ಎಡಗೈಯಲ್ಲಿ ಬರೆದಳು: ನನ್ನನ್ನು ಕರೆಯುವ ದನಿ ನಿಲ್ಲಲಿ. ಅರ್ಧ ತಮಾಷೆ, ಅರ್ಧ ದಣಿವು. ಚೀಲ ಸುತ್ತು ಹೊಡೆಯಿತು. ಆ ಚೀಟಿಯನ್ನು ಎತ್ತಿದ್ದು ಅತ್ತೆ.

ರಿಕ್ಷಾದಲ್ಲಿ ಅವರು ಕನ್ನಡಕ ಹಾಕಿಕೊಂಡು ಓದಿದರು. "ನೋಡವಾ ಶೀಲಾ, ಯಾವಾಕಿನೋ ಏನೋ. ಹೆಣ್ಮಗಳೇ ಇರಬೇಕು. ಮನಿ ಮಂದಿ ಉಸಿರು ಬಿಡಗೊಡಾಂಗಿಲ್ಲ ಕಾಣಸ್ತದ. ಎಂಥಾ ಅತ್ತಿ ಕೈಯಾಗ ಸಿಕ್ಕಾಳೋ, ಪಾಪ."

ಶೀಲಾವತಿ ಹೊರಗೆ ನೋಡಿದಳು. "ಹೌದ್ರಿ, ಅತ್ತಿ."

"ನಾ ಬಿಡಾಂಗಿಲ್ಲ ತಗೋ. ಆಕಿ ಸಲುವಾಗಿ ಮೊಣಕಾಲೂರಿ ಕೇಳ್ತೀನಿ. ಮನಿಗೆ ಹೋದ ಕೂಡ್ಲೆ ನನಗೊಂದು ಕಪ್ ಚಾ ಮಾಡು."

ಒಂಬತ್ತನೆಯ ದಿನ ಐದೂವರೆಗೆ ಕರೆ ಬರಲಿಲ್ಲ. ಶೀಲಾವತಿ ಎದ್ದು ನಡುಮನೆಗೆ ಬಂದಳು. ಅತ್ತೆ ಹಾಸಿಗೆಯಲ್ಲಿ ಎದ್ದು ಕೂತಿದ್ದರು. ಬಾಯಿ ತೆರೆದಿತ್ತು. ತುಟಿಗಳು ಅವಳ ಹೆಸರಿನಂತೆ ಆಡುತ್ತಿದ್ದವು, ಅದರೊಳಗೆ ದನಿ ಇರಲಿಲ್ಲ. ಡಾಕ್ಟರು ಗಂಟಲಿಗೆ ಕ್ಯಾಮೆರಾ ಇಳಿಸಿ ನೋಡಿ, ಏನೂ ಕಾಣಿಸುತ್ತಿಲ್ಲ, ವಯಸ್ಸು ಎಂದರು.

ಅತ್ತೆ ಚೀಟಿ ಬಿಡಲಿಲ್ಲ. ದಿನಾ ಬೆಳಗ್ಗೆ ಕನ್ನಡಕದ ಡಬ್ಬಿಯಿಂದ ಅದನ್ನು ತೆಗೆದು, ಎರಡೂ ಅಂಗೈ ನಡುವೆ ಒತ್ತಿ ಹಿಡಿದು ಮೊಣಕಾಲೂರುತ್ತಿದ್ದರು. ಸದ್ದಿಲ್ಲದ ಆ ತುಟಿಗಳು ಮೊದಲಿಗಿಂತ ವೇಗವಾಗಿ ಆಡುತ್ತಿದ್ದವು. ಅಡುಗೆಮನೆಯ ಬಾಗಿಲಲ್ಲಿ ಲಟ್ಟಣಿಗೆ ಹಿಡಿದು ನಿಂತ ಶೀಲಾವತಿಗೆ ಹೇಳಬೇಕೆನಿಸುತ್ತಿತ್ತು: ನಿಲ್ಲಿಸಿರಿ, ಅದು ನಂದು. ಒಳಗೆ ಹೋಗಿ ಚಪಾತಿ ಲಟ್ಟಿಸುತ್ತಿದ್ದಳು.

ದನಿ ಹೋದರೂ ಕೆಲಸ ಹೋಗಲಿಲ್ಲ. ಅತ್ತೆ ಸ್ಟೀಲ್ ಲೋಟಕ್ಕೆ ಚಮಚದಿಂದ ಬಡಿದು ಕರೆಯತೊಡಗಿದರು. ಅದಕ್ಕಿಂತ ವಿಚಿತ್ರವೆಂದರೆ, ಯಾರೂ ಬಡಿಯದಿದ್ದಾಗಲೂ ಶೀಲಾವತಿ "ಬಂದೆ" ಎಂದು ಓಡುತ್ತಿದ್ದಳು. ನಡುಮನೆಯಲ್ಲಿ ಅತ್ತೆ ನಿದ್ದೆಯಲ್ಲಿರುತ್ತಿದ್ದರು. ತಾನು ಯಾರಿಗೆ ಓಗೊಟ್ಟೆ ಎಂದು ಅವಳು ಒದ್ದೆ ಕೈಯಲ್ಲಿ ನಿಂತಿರುತ್ತಿದ್ದಳು.

ಮೂರನೆಯ ವಾರ ಸುಭಾಷನ ಸರದಿ. ಬಚ್ಚಲಿನಿಂದ "ಶೀ" ಎಂದದ್ದು ಅಲ್ಲೇ ಮುರಿಯಿತು. ಆಫೀಸಿನವರ ಜೊತೆ ಫೋನಿನಲ್ಲಿ ಅವನು ಎಂದಿನಂತೆ ಗಂಟಲೆತ್ತಿ ಮಾತಾಡುತ್ತಿದ್ದ. ಅವಳ ಹೆಸರು ಬಂದಾಗ ಮಾತ್ರ ಕೆಮ್ಮು. ಎರಡು ದಿನ ಕೆಮ್ಮಿ, ಆಮೇಲೆ ಚಿಟಿಕೆ ಹೊಡೆದು ಕರೆಯುವುದನ್ನು ಕಲಿತ. "ಮಳಿ ಹವಾ, ಥಂಡಿ ಆಗೇದ" ಎಂದ. ಇರಬಹುದು ಎಂದುಕೊಂಡಳು ಶೀಲಾವತಿ.

ಶುಕ್ರವಾರ ಕೆಲಸದಿಂದ ಬಂದಾಗ ಬಿಲ್ಡಿಂಗಿನ ಎರಡನೆಯ ಮಹಡಿಯ ಒದ್ದೆ ಮೆಟ್ಟಿಲ ಮೇಲೆ ನಿಶ್ಮಿತಾ ಕೂತಿದ್ದಳು. ಜಾರಿ ಬಿದ್ದು ಮೊಣಕಾಲು ಒಡೆದಿತ್ತು, ರಕ್ತ ಕಾಲುಚೀಲದವರೆಗೆ ಇಳಿದು ಒಣಗಿತ್ತು.

"ಕರೀಬೇಕಿಲ್ಲೇನ ಯಾರನ್ನಾರ?"

"ಕರದೆ," ಎಂದಳು ಹುಡುಗಿ. "ತುಮ್ಕೋ ಹೀ ಬುಲಾಯಾ. ಬಹುತ್ ಬಾರ್. ಆವಾಜ್ ಹೀ ನಹೀ ಆಯಾ."

ಎಷ್ಟೋ ಸಲ ಅಮ್ಮನನ್ನೇ ಕರೆದಿದ್ದಳಂತೆ, ದನಿಯೇ ಹೊರಟಿರಲಿಲ್ಲ. ಉಳಿದ ಮಾತೆಲ್ಲ ನೆಟ್ಟಗೆ ಬಂತು. ಮಮ್ಮಿ ಎಂಬ ಒಂದು ಮಾತಿಗೆ ಹುಡುಗಿಯ ಬಾಯಿ ತೆರೆದು, ಹಾಗೇ ಮುಚ್ಚಿತು. ಈಗ ಅದು ಮಂತ್ರವೋ, ಪ್ರಾರ್ಥನೆಯೋ, ಮಳೆಗಾಲದ ಗಂಟಲುನೋವೋ ಅವಳಿಗೆ ಬೇಕಾಗಿರಲಿಲ್ಲ. ಮುಂದಿನ ಸಲ ಹುಡುಗಿ ರೈಲ್ವೆ ಹಳಿಯ ಪಕ್ಕ ನಿಂತು ಕರೆದರೆ?

ಆ ಭಾನುವಾರದ ಕೂಟ ಅವರ ಮನೆಯಲ್ಲೇ. ಹಾಡು ಮುಗಿಯಿತು. ಉಡುಪಿ ಕಡೆಯ ಹಿರಿಯರಾದ ಪೂವಪ್ಪ ಕೇಳಿದರು: "ಸಾಕ್ಷಿ ಹೇಳುವವರು ಉಂಟಾ? ಇಲ್ಲದಿದ್ರೆ ಚಹಾ ಆಗ್ಲಿ."

ಚಹಾ ಎಂದೊಡನೆ ಎಲ್ಲರೂ ಶೀಲಾವತಿಯತ್ತ ನೋಡಿದರು. ಅವಳು ಎದ್ದಳು, ಅಡುಗೆಮನೆಗೆ ಹೋಗಲಿಲ್ಲ.

"ಕರೆಯೋ ದನಿ ನಿಲ್ಲಲಿ ಅನ್ನೂ ಚೀಟಿ ನಂದು. ಎಡಗೈಲೆ ಬರದಿದ್ದೆ. ಈಡೇರೇದ. ಸಾಕು."

ಸುಭಾಷ ತನ್ನ ಕಾಲ್ಬೆರಳು ನೋಡಿಕೊಂಡ. ಅತ್ತೆ ಕನ್ನಡಕದ ಡಬ್ಬಿ ತೆರೆದು, ಬೆವರಿಗೆ ಬಟ್ಟೆಯಂತೆ ಮೆತ್ತಗಾಗಿದ್ದ ಚೀಟಿಯನ್ನು ಸೊಸೆಯ ಅಂಗೈಯಲ್ಲಿ ಇಟ್ಟರು. ಅವರ ಮುಖದಲ್ಲಿ ಸಿಟ್ಟಿರುತ್ತದೆ ಎಂದುಕೊಂಡಿದ್ದಳು. ಇದ್ದದ್ದು ನಾಚಿಕೆ.

"ಮಮ್ಮೀ, ಪಾನೀ!" ಒಳಗಿನ ಕೋಣೆಯಿಂದ ನಿಶ್ಮಿತಾಳ ಕೂಗು ಇಡೀ ಬಿಲ್ಡಿಂಗಿಗೆ ಕೇಳುವಷ್ಟು ಸ್ಪಷ್ಟವಾಗಿ ಬಂತು. ಶೀಲಾವತಿಯ ಕಾಲು ತಾನಾಗಿ ಹೊರಟಿತು. ಅತ್ತೆ ಅವಳ ಹೆಗಲು ಒತ್ತಿ ಕೂರಿಸಿ, ತಾವೇ ಒಳಗೆ ಹೋದರು. ಹುಡುಗಿಗೆ ನೀರು ಕೊಟ್ಟು ಅಡುಗೆಮನೆಗೆ ನಡೆದರು. ಅವರ ಬಾಯಿಂದ ಮಾತ್ರ ಇನ್ನೂ ಸದ್ದಿರಲಿಲ್ಲ.

ಪೂವಪ್ಪ ಮೆಲ್ಲಗೆ ಹೇಳಿದರು: "ಅತ್ತೆಯ ದನಿಗೆ ಇನ್ನು ನೀನೇ ಬೇಡಬೇಕು ಮಾರಾಯ್ತಿ."

ಅವಳು ಕಣ್ಣು ಮುಚ್ಚಿದಳು. ಇಷ್ಟು ವರ್ಷ ಯಾರೂ ಕೇಳಿಸಿಕೊಳ್ಳುವುದಿಲ್ಲವೆಂಬ ಧೈರ್ಯದಲ್ಲಿ ಬೇಡಿದ್ದಳು. ಈಗ ಯಾರೋ ಬಾಯಿಯ ಹತ್ತಿರವೇ ಕಿವಿಯಿಟ್ಟು ಕಾದಿರುವಂತಿತ್ತು. ಏನು ಹೇಳಿದರೂ ಹೇಳಿದಷ್ಟನ್ನೇ ತೆಗೆದುಕೊಂಡು ಹೋಗುವವರು. ಒಂದೊಂದು ಮಾತನ್ನೂ ಮನಸ್ಸಿನಲ್ಲೇ ತಟ್ಟಿ ನೋಡಿ ಇಟ್ಟಳು.

ಅತ್ತೆಗೆ ದನಿ ಕೊಡು. ನಿಧಾನಕ್ಕೆ ಕೊಡು.

ಕೂತವರೆಲ್ಲ ಆಮೆನ್ ಎಂದರು. ಅಡುಗೆಮನೆಯಲ್ಲಿ ಡಬ್ಬಿಗಳ ಮುಚ್ಚಳ ಒಂದೊಂದಾಗಿ ತೆರೆಯುವ, ಮುಚ್ಚುವ ಸದ್ದು. ಸೊಸೆ ಮನೆಗೆ ಬಂದ ಈ ಹದಿನಾಲ್ಕು ವರ್ಷದಿಂದ ಸಕ್ಕರೆ ಎಲ್ಲಿರುತ್ತದೆಂದು ಅತ್ತೆಗೆ ಗೊತ್ತಿಲ್ಲ. ಕರೆದು ಕೇಳುವಂತೆಯೂ ಇಲ್ಲ. ಶೀಲಾವತಿ ಕಣ್ಣು ಮುಚ್ಚಿಕೊಂಡೇ ಆ ಸದ್ದುಗಳನ್ನು ಕೇಳುತ್ತ ಕೂತಳು.