ಬಾರ್ಬ್ರಾ ಬಿಟ್ಟ ಹೆಸರು

ನನ್ನ ಅಕ್ಷರ ಕೋಳಿ ಕೆದರಿದ ಹಾಗಿದೆ, ಶಾಲೆ ಬಿಟ್ಟವಳ ಮಾತೂ ಅಷ್ಟಕ್ಕಷ್ಟೆ. ಓದುವವರು ಮನ್ನಿಸಬೇಕು. ಪೆಗ್‌ಳ ಪಬ್ಬಿನಲ್ಲಿ ಲೋಟ ತೊಳೆಯುವಾಗ ಕಂಡದ್ದನ್ನೂ ಬಾರ್ಬ್ರಾ ತಾನೇ ಹೇಳಿದ್ದನ್ನೂ ಸೇರಿಸಿ, ಎರಡು ಸಲ ಹರಿದು ಮತ್ತೆ ಬರೆದಿದ್ದೇನೆ.

ಬಾರ್ಬ್ರಾ ಹಗಲೆಲ್ಲ ಕಾರ್ಖಾನೆಯಲ್ಲಿ ಏಡಿಯ ಚಿಪ್ಪು ಒಡೆಯುತ್ತಾಳೆ. ಕವಿತೆಯ ಸಾಲು ಹೊಳೆದರೆ ಒದ್ದೆ ಕೈ ಒರೆಸಿಕೊಂಡು ರಟ್ಟಿನ ಪೆಟ್ಟಿಗೆಯ ಮೇಲೆ ಗೀಚಿಡುತ್ತಾಳೆ. ಪತ್ರಿಕೆಯಲ್ಲಿ ಮೊದಲ ಸಲ ಅವಳ ನಾಲ್ಕು ಸಾಲು ಅಚ್ಚಾದಾಗ ಮೂರು ಪ್ರತಿ ಕೊಂಡು, ಒಂದನ್ನು ದಿಂಬಿನ ಕೆಳಗೆ ಇಟ್ಟುಕೊಂಡಿದ್ದಳು. ಅದಕ್ಕಿಂತ ದೊಡ್ಡ ಸುಖವೆಂದರೆ ಭಾನುವಾರ ಚರ್ಚಿನಿಂದ ಬಂದು ಪೆಗ್‌ಳ ಪಬ್ಬಿನಲ್ಲಿ ಮುದುಕ ಫೆಹೀನನ ಹಾಡು ಕೇಳುವುದು. ಅವನು ಕಣ್ಣು ಮುಚ್ಚಿ ಹಾಡುವಾಗ ನಮ್ಮೂರ ರೂಢಿಯಂತೆ ಅವನ ಕೈ ಹಿಡಿದು ಮೆಲ್ಲಗೆ ತೂಗುವವಳು ಅವಳೇ. ಹಾಡು ಯಾರಿಂದ ಬಂತೆಂದು ಮೊದಲು ಹೇಳದೆ ನಮ್ಮಲ್ಲಿ ಯಾರೂ ಬಾಯಿ ತೆರೆಯುವುದಿಲ್ಲ.

ಈ ವಸಂತದಲ್ಲಿ ಪತ್ರಿಕೆಯ ಸ್ಪರ್ಧೆಯಲ್ಲಿ ಅವಳ ಕವಿತೆಗೆ ಎರಡನೆಯ ಬಹುಮಾನ ಬಂತು.

“ಕವಯಿತ್ರಿ ಬಂದ್ಲು, ಕುರ್ಚಿ ಒರೆಸ್ರೋ!” ಎಂದು ಪೆಗ್ ಕೂಗಿದಳು. ಎಲ್ಲರೂ ನಕ್ಕರು. ಪೆಗ್ ಪತ್ರಿಕೆ ಬಿಡಿಸಿ ಕವಿತೆಯನ್ನು ಗಟ್ಟಿಯಾಗಿ ಓದಿದಳು.

ಫೆಹೀನ್ ಲೋಟ ಕೆಳಗಿಟ್ಟ. “ಕೊನೇ ಎರಡು ಸಾಲು ಇನ್ನೊಂದ್ಸಲ ಓದು.”

ಪೆಗ್ ಓದಿದಳು.

“ಯಾರಿಂದ ಬಂತು ಅಂತ ಹಾಕಿದಾರಾ?”

“ಬಾರ್ಬ್ರಾ ಹೆಸರಿದೆ. ಅಷ್ಟೇ.”

ಆ ಸಾಲುಗಳು ಫೆಹೀನನ ದೊಡ್ಡಮ್ಮ ಹನೋರಾ ಕಟ್ಟಿದ ಹಾಡಿನವು. ಬಾರ್ಬ್ರಾ ಎಂದಿನಂತೆ ಕೈ ಚಾಚಿದಳು. ಅವನು ತನ್ನ ಕೈಯನ್ನು ಕೋಟಿನ ಜೇಬಿಗೆ ಹಾಕಿಕೊಂಡ. ಆ ದಿನ ಹಾಡಲಿಲ್ಲ, ಮುಂದಿನ ಎರಡು ಭಾನುವಾರವೂ ಹಾಡಲಿಲ್ಲ. ಆ ಹಾಡು ಪೂರ್ತಿ ಬರುವುದು ಅವನೊಬ್ಬನಿಗೇ. ತನ್ನ ದೆಸೆಯಿಂದ ಅದು ಅವನೊಂದಿಗೇ ಮುಗಿದುಹೋದೀತೆಂದು ಬಾರ್ಬ್ರಾಳಿಗೆ ಊಟ ಸೇರದಾಯಿತು. ಕೊನೆಗೆ ಅವನ ಮನೆಗೇ ಹೋದಳು. ಅವನು ಅಂಗಳದಲ್ಲಿ ಏಡಿ ಹಿಡಿಯುವ ಬುಟ್ಟಿಗೆ ಹಗ್ಗ ಬಿಗಿಯುತ್ತಿದ್ದ.

“ಸ್ಪರ್ಧೆ ಫಾರಮ್ಮಲ್ಲಿ ಒಂದೇ ಹೆಸರಿಗೆ ಜಾಗ ಇತ್ತು,” ಎಂದಳು.

“ಇದ್ದ ಜಾಗದಲ್ಲಿ ನಿನ್ನ ಹೆಸರು ಚೆನ್ನಾಗೇ ಹಿಡಿಸ್ತಲ್ಲ.”

“ಆಮೇಲೆ ಹೇಳಿದ್ರಾಯ್ತು ಅಂದ್ಕೊಂಡೆ. ಬಹುಮಾನ ಬಂದ್ಮೇಲೆ ಬಾಯಿ ಬರ್ಲಿಲ್ಲ. ತಪ್ಪಾಯ್ತು ಫೆಹೀನ್.”

“ನಂಗ್ಯಾಕೆ ಹೇಳ್ತೀಯ? ನಾನೇನು ಕಟ್ಟಿದ್ನಾ? ದೊಡ್ಡಮ್ಮಂಗೆ ತನ್ನ ಹೆಸರು ಬರೆಯೋಕೂ ಬರ್ತಿರ್ಲಿಲ್ಲ ಕಣೇ. ನಾವು ಬಾಯಲ್ಲಿ ಹೇಳಿದ್ರೆ ಉಂಟು, ಇಲ್ದಿದ್ರೆ ಅವಳು ಇಲ್ಲ.”

ಅವನು ಮತ್ತೆ ಹಗ್ಗಕ್ಕೆ ಬಗ್ಗಿದ. ಕುಳಿತುಕೋ ಎನ್ನಲಿಲ್ಲ.

ಇಂದು ಸಂಜೆ ಬಾರ್ಬ್ರಾ ಪತ್ರಿಕೆಗೆ ಪತ್ರ ಬರೆದಳು. ಕೊನೆಯ ಎರಡು ಸಾಲು ಹನೋರಾಳವು, ಅವಳ ಹೆಸರು ಅಚ್ಚುಹಾಕಿ, ನಿಯಮಕ್ಕೆ ಹೊಂದದಿದ್ದರೆ ಬಹುಮಾನ ಹಿಂದಕ್ಕೆ ತೆಗೆದುಕೊಳ್ಳಿ ಎಂದು. ಗೋಡೆಯ ಮೇಲಿದ್ದ ಪ್ರಶಸ್ತಿಪತ್ರವನ್ನೂ ಇಳಿಸಿ ಲಕೋಟೆಗೆ ಸೇರಿಸಿದಳು. ಅಂಟಿಸುವ ಮೊದಲು ಅದನ್ನು ಒಮ್ಮೆ ಹೊರತೆಗೆದು ನೋಡಿ, ಮತ್ತೆ ಒಳಗಿಟ್ಟಳು.

“ಇನ್ನು ಅವರು ನನ್ನದೇನೂ ಹಾಕಲ್ಲ ಅನ್ಸುತ್ತೆ,” ಎಂದು ಲಕೋಟೆಯನ್ನು ನನ್ನ ಕೈಗೆ ಕೊಟ್ಟಳು. “ನನ್ನ ಹತ್ರ ಇದ್ರೆ ಬೆಳಗಾಗೋದ್ರೊಳಗೆ ಹರಿದ್ಹಾಕ್ತೀನಿ.”

ಫೆಹೀನ್ ಈ ಭಾನುವಾರ ಹಾಡುತ್ತಾನೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ನಾಳೆ ಬೆಳಿಗ್ಗೆ ಅಂಚೆ ವ್ಯಾನು ಬರುವ ಮೊದಲೇ ಹೋಗಿ ನಾನು ಅವಳ ಲಕೋಟೆಯನ್ನು ಡಬ್ಬಕ್ಕೆ ಹಾಕುತ್ತೇನೆ.